ಪರೋಟ ಬೀಜಕ್ಕೆ ಉಪ್ಪು ಕಮ್ಮಿ

ಪರೋಟ ಎಂದೊಡನೆ ಸಾಗು ನೆನೆದು ಬಾಯಲ್ಲಿ ನೀರೂರಿಸಬೇಡಿ! ಮೆಕ್ಸಿಕೋದ ನಾಯರೀತ್ ಕರಾವಳಿಯಲ್ಲಿ ಅದು ಆಕಾಶಕ್ಕೇ ಚಪ್ಪರ ಹಾಕುವ ಮರ. ಊರ ಚೌಕದಲ್ಲಿದ್ದ ಅಂಥದೊಂದು ಅಜ್ಜಮರ ಬಿರುಗಾಳಿಗೆ ಉರುಳಿದಾಗ ಊರಿಗೆ ಊರೇ ಸೂತಕ ಹಿಡಿಯಿತು. ನಿವೃತ್ತ ಅಂಚೆ ಗುಮಾಸ್ತ ಎವಾರಿಸ್ತೊ ಮಾತ್ರ ಅದರ ಕೊನೆಯ ಕಾಯಿಗಳಿಂದ ನಲವತ್ತು ಬೀಜ ಆಯ್ದು, ಮೇಯರ್ ಕ್ರಿಸೋಫೊರೊ ಎದುರಿಗೇ ಘೋಷಿಸಿಬಿಟ್ಟ: "ಮಳೆ ಹಿಡಿಯೋದ್ರೊಳಗೆ ನಲವತ್ತು ಸಸಿ! ಇದು ನನ್ನ ಮಾತು!"

ಇಪ್ಪತ್ತು ಬೀಜ ಕುಂಡಗಳಿಗೆ ಹೋದವು.

"ಹಾಗೇ ಹಾಕಿದ್ರೆ ಹುಟ್ಟಲ್ಲ ಕಣೋ ಮುದುಕಾ," ಎಂದಳು ಹೆಂಡತಿ ಒಬ್ದೂಲಿಯ. "ಸಿಪ್ಪೆ ಕಲ್ಲಿನ ಥರ. ಒಂದ್ಕಡೆ ಉಜ್ಜು, ನೀರು ಒಳಗೆ ಹೋಗ್ಲಿ."

"ಮೂವತ್ತು ವರ್ಷ ಅಂಚೆ ಕಚೇರೀಲಿ ಕೂತೋನು ನಾನು! ಕಾಯೋದನ್ನ ನನಗೇ ಹೇಳ್ಕೊಡ್ತೀಯಾ ಮುದುಕಿ?"

ಕಾದ. ಎರಡು ತಿಂಗಳು ನೀರು ಹೊಯ್ದ, ಗಿಟಾರ್ ನುಡಿಸಿದ. ಪಕ್ಕದ ಮನೆಯ ಕೋಳಿ ಬಂದು ಕುಂಡದಲ್ಲಿ ಮೊಟ್ಟೆ ಇಟ್ಟಿತೇ ಹೊರತು ಮೊಳಕೆ ಏಳಲಿಲ್ಲ!

ಬಿಸಿನೀರಲ್ಲಿ ನೆನೆಸಿದರೆ ಸಿಪ್ಪೆ ಸಡಿಲವಾಗುತ್ತದೆ ಎಂದು ಯಾರೋ ಕಿವಿಯೂದಿದರು. ಒಬ್ದೂಲಿಯ ಸಂತೆಗೆ ಹೋದದ್ದೇ ತಡ, ಅವಳು ಕಾಳು ಬೇಯಿಸುವ ಮಡಕೆಗೆ ಉಳಿದ ಇಪ್ಪತ್ತನ್ನೂ ಸುರಿದ. ನೀರು ಆರಬಾರದಲ್ಲ? ಒಲೆಯ ಮೇಲೇ ಇಟ್ಟು, ಉರಿ ಸಣ್ಣಗೆ ಮಾಡಿ, ಮೇಯರನ್ನು ಕರೆತರಲು ಹೊರಟ. ದಾರಿಯಲ್ಲಿ ಸಿಕ್ಕವರಿಗೆಲ್ಲ ಭಾಷಣ. ಮರಳುವಷ್ಟರಲ್ಲಿ ಎರಡು ಗಂಟೆ!

ಮೇಯರ್ ಮುಚ್ಚಳ ತೆಗೆದು ಒಂದನ್ನು ಬಾಯಿಗೆ ಹಾಕಿಕೊಂಡ. "ಚೆನ್ನಾಗಿ ಬೆಂದಿದೆ, ದೊನ್ ಎವಾರಿಸ್ತೊ. ಉಪ್ಪು ಸ್ವಲ್ಪ ಕಮ್ಮಿ."

ಎವಾರಿಸ್ತೊ ಕುರ್ಚಿಗೆ ಕುಸಿದ. "ಅಯ್ಯೋ, ಊರಿನ ಮರಾನ ನಾನೇ ಬೇಯಿಸಿ ಹಾಕ್ಬಿಟ್ಟೆ." ಅವನ ಕಣ್ಣು ತುಂಬಿ ಬಂತು.

ಚೀಲ ಹಿಡಿದು ಒಳಬಂದ ಒಬ್ದೂಲಿಯ ಮಡಕೆ ನೋಡಿದಳು, ಗಂಡನ ಮುಖ ನೋಡಿದಳು. ಆಶ್ಚರ್ಯ, ಬೈಯಲಿಲ್ಲ! ಸೀದಾ ಹೋಗಿ ಕುಂಡಗಳನ್ನು ಬೋರಲು ಹಾಕಿ ಮಣ್ಣು ಕೆದಕಿದಳು. ಇಪ್ಪತ್ತು ಬೀಜವೂ ಹಾಕಿದ ಹಾಗೇ ಮಿರಮಿರ ಮಿನುಗುತ್ತಿದ್ದವು! ಹಿತ್ತಿಲ ಕಲ್ಲಿಗೆ ಒಂದೊಂದನ್ನೇ ಉಜ್ಜಿ, ನೆನೆಸಿ, ಮತ್ತೆ ಬಿತ್ತಿದಳು.

ಎಂಟನೆಯ ದಿನ ಹದಿನೇಳು ಮೊಳಕೆಗಳು ಕತ್ತು ಎತ್ತಿದವು. ಎವಾರಿಸ್ತೊ ಅಂಗಳದಲ್ಲೇ ಕುಣಿದ. ಮಳೆ ಹಿಡಿಯುವ ಹೊತ್ತಿಗೆ ಸಸಿಗಳು ಮೊಣಕಾಲೆತ್ತರ.

ನೆಡುವ ದಿನ ಮೇಯರ್, "ಈ ಸಸಿಗಳನ್ನು ಬೆಳೆಸಿದ ಮಹನೀಯರು..." ಎನ್ನುವಷ್ಟರಲ್ಲಿ ಎವಾರಿಸ್ತೊ ಎದ್ದು ನಿಂತ.

"ನಾನಲ್ಲ ಸ್ವಾಮಿ, ನನ್ನ ಹೆಂಡ್ತಿ. ಅವಳ ಮಾತು ಮೊದ್ಲೇ ಕೇಳ್ಬೇಕಿತ್ತು."

ಚಪ್ಪಾಳೆಯೋ ಚಪ್ಪಾಳೆ! ಒಬ್ದೂಲಿಯ ಪಕ್ಕದವಳ ಕಿವಿಗೆ ಬಾಯಿಟ್ಟು, ಊರಿಗೆಲ್ಲ ಕೇಳುವಂತೆ ಪಿಸುಗುಟ್ಟಿದಳು:

"ಬೀಜ ಉಜ್ಜೋಕೆ ಒಂದು ಸಂಜೆ ಸಾಕಾಯ್ತು ಕಣೇ. ಈ ಮುದುಕನ ಬಾಯಿಂದ ಇದೊಂದು ಮಾತು ಮೊಳೆಯೋಕೆ ನಲವತ್ತು ವರ್ಷ ಉಜ್ಜಿದೀನಿ!"