ತಾಳಿಗೆ ಬ್ಯಾಕಪ್ ಇಲ್ಲ

ಮನುಷ್ಯರ ಮೇಲೆ ಕೋಪ ಬಂದರೆ ನನಗೆ ಕಷ್ಟವಿಲ್ಲ. ಅವರ ಹಾಗೇ ಮಾತಾಡಿ, ಅವರ ಹಾಗೇ ಕೆಮ್ಮಿ, ನಾಲ್ಕು ಜನರನ್ನು ನಗಿಸಿದರೆ ಇಳಿದುಹೋಗುತ್ತದೆ. ಅಪ್ಪ, ಹಾಲಿನವನು, ಬಸ್ ಕಂಡಕ್ಟರು, ಯಾರನ್ನೂ ಬಿಟ್ಟವನಲ್ಲ. ಯಾರೂ ಸಿಗದ ದಿನ ಕನ್ನಡಿ ಮುಂದೆ ನಿಂತು ನನ್ನನ್ನೇ ಅಣಕಿಸಿಕೊಳ್ಳುತ್ತೇನೆ. ಆದರೆ ಹೆಬ್ಬೆರಳುದ್ದದ ಪ್ಲಾಸ್ಟಿಕ್ ತುಂಡಿನ ಮೇಲೆ ಕೋಪ ಬಂದರೆ ಏನು ಮಾಡುವುದು? ಅದು ಕೆಮ್ಮುವುದೂ ಇಲ್ಲ.

ಅದರ ಹೆಸರು ಡಾಂಗಲ್. ಲಗ್ಗೆರೆಯ ಸುಮಿತ್ರಾ ಆಂಟಿಯ ಕಂಪ್ಯೂಟರ್ ಎಂಬ್ರಾಯಿಡರಿ ಅಂಗಡಿಯಲ್ಲಿ ನಾನು ಡಿಸೈನ್ ಮಾಡುವವನು. ಈ ಮಹಾಶಯ ಕಂಪ್ಯೂಟರಿಗೆ ಚುಚ್ಚಿಕೊಂಡು ಕೂತಿದ್ದರೆ ಮಾತ್ರ ನಮ್ಮ ಸಾಫ್ಟ್‌ವೇರು ಡಿಸೈನ್ ತೆರೆಯುತ್ತದೆ. ಕಿತ್ತರೆ ‘ಲೈಸೆನ್ಸ್ ಸಿಗಲಿಲ್ಲ’ ಅಂತ ಸ್ಕ್ರೀನಿನ ನಟ್ಟನಡುವೆ ಒಂದು ಡಬ್ಬಿ. ದುಡ್ಡು ಕೊಟ್ಟು ಕೊಂಡವರನ್ನೇ ದಿನಾ ‘ನೀನು ಕಳ್ಳನೇನೋ’ ಅಂತ ಕೇಳುವ ಇಂಥ ವಸ್ತು ಬೇರೆ ಇಲ್ಲ. ಆಂಟಿ ಅದನ್ನು ಎಲ್ಲಿಡುತ್ತಾರೆ ಅಂತೀರಿ? ಮಾಂಗಲ್ಯದ ಸರದಲ್ಲಿ, ಸೇಫ್ಟಿ ಪಿನ್ನುಗಳ ಪಕ್ಕ. ಅವರು ಊಟಕ್ಕೆ ಹೋದರೆ ಡಾಂಗಲ್ಲೂ ಊಟಕ್ಕೆ ಹೋಗುತ್ತದೆ. ನಾನು ರೈಲ್ವೆ ಗೇಟಿನ ಮುಂದೆ ನಿಂತ ಆಟೋದವನ ಹಾಗೆ ಹಲ್ಲು ಕಡಿಯುತ್ತಾ ಕೂತಿರುತ್ತೇನೆ.

“ಆಂಟಿ, ಕಳೆದುಹೋದ್ರೆ ಗತಿಯೇನು? ಒಂದು ಕಾಪಿ ಮಾಡಿಸಿ ಇಟ್ಕೊಳ್ಳೋಣ.”

“ತಾಳಿಗೆ ಯಾರಾದ್ರೂ ಬ್ಯಾಕಪ್ ಇಟ್ಕೋತಾರೇನೋ?”

ಸಾಫ್ಟ್‌ವೇರ್ ಮಾರಿದ ಕಂಪನಿಗೇ ಫೋನ್ ಮಾಡಿದೆ. ಜೇನು ಸುರಿಯುವ ದನಿ. “ಡಾಂಗಲ್ ಕಾಪಿ ಆಗಲ್ಲ ಸಾರ್. ಕಳೆದ್ರೆ ಸಾಫ್ಟ್‌ವೇರೇ ಹೊಸದು ತಗೋಬೇಕು ಸಾರ್.” ಆ ಒಂದೊಂದು ಸಾರ್‌ಗೂ ನನ್ನ ಮೈ ಉರಿಯಿತು.

ಅಷ್ಟರಲ್ಲಿ ಕೆಂಗೇರಿಯಲ್ಲಿ ಹೆಣ್ಣು ನೋಡುವ ಶನಿವಾರ ಬಂತು. ಹುಡುಗಿಯ ಫೋಟೋ ನೋಡಿದಾಗಿನಿಂದ ನಾನು ಅರ್ಧ ಅಳಿಯನಾಗಿದ್ದೆ. ಆಂಟಿ ಮಾತ್ರ, “ಹೋಗು, ಆದ್ರೆ ಕೆಲಸ ನಿಲ್ಲಬಾರದು” ಅಂದರು. ಕಬಡ್ಡಿ ತಂಡದ ಜೆರ್ಸಿಯ ಹುಲಿಯೂ ಸೇರಿ ರಾಶಿ ಡಿಸೈನುಗಳನ್ನು ಹೊಲಿಗೆ ಯಂತ್ರಕ್ಕೆ ತಿಳಿಯುವ ಹಾಗೆ ಬದಲಿಸಬೇಕಿತ್ತು. ತೆರೆ, ಬದಲಿಸು, ಸೇವ್ ಮಾಡು, ಮತ್ತೆ ಅದೇ. ಮೌಸ್ ಆಡಿಸುವುದನ್ನು ಒಮ್ಮೆ ನೋಡಿಕೊಂಡು ಅದನ್ನೇ ತಾನಾಗಿ ಮಾಡುತ್ತಾ ಹೋಗುವ ಪ್ರೋಗ್ರಾಂ ಒಂದನ್ನು ಹಾಕಿದೆ. ಕ್ಲಿಕ್ಕಿಗೆ ಮುಂಚೆ ಮೌಸನ್ನು ಸುಮ್ಮನೆ ಒಂದು ಸುತ್ತು ಹೊಡೆಸುವ ನನ್ನ ಚಟವನ್ನೂ ಅದು ಬಿಡಲಿಲ್ಲ. ಕೊನೆಗೂ ನನ್ನನ್ನು ಅಣಕಿಸುವವನೊಬ್ಬ ಹುಟ್ಟಿದನಲ್ಲ ಅಂತ ಹೆಮ್ಮೆಪಟ್ಟೆ. “ಡಾಂಗಲ್ ಒಂದು ಮುಟ್ಟಬೇಡಿ ಆಂಟಿ” ಅಂತ ಕೈ ಮುಗಿದು ಹೊರಟೆ.

ಕೆಂಗೇರಿಯಲ್ಲಿ ಉಪ್ಪಿಟ್ಟು ಬಂತು, ಹುಡುಗಿ ಬಂದಳು. ಅವಳ ತಂದೆ, “ಶನಿವಾರ ರಜೆನಾ?” ಅಂದರು.

“ಇಲ್ಲ ಸಾರ್. ನಾನು ಇಲ್ಲಿದ್ರೂ ನನ್ನ ಕೆಲಸ ಅಲ್ಲಿ ನಡೀತಿರುತ್ತೆ.”

ಫೋನ್ ಬಂತು. ಆಂಟಿಯ ಗಂಟಲಿಗೆ ಸ್ಪೀಕರ್ ಬೇಕಿಲ್ಲ. “ಎಲ್ಲಿ ಸತ್ತ್ಯೋ? ಕಬಡ್ಡಿ ಹುಡುಗರ ಜೆರ್ಸಿ ಮೇಲೆಲ್ಲಾ ನವಿಲು ಕೂತಿದೆ ಕಣೋ. ಹುಲಿ ಎಲ್ಲೋ?”

ಆಗಿದ್ದಿಷ್ಟು. ಆಂಟಿ ಹೂವು ತರಲು ಹೊರಟವರು ಅಭ್ಯಾಸಬಲದಿಂದ ಡಾಂಗಲ್ ಕಿತ್ತು ಸರಕ್ಕೆ ಸಿಕ್ಕಿಸಿಕೊಂಡಿದ್ದಾರೆ. ಡಿಸೈನ್ ತೆರೆಯೋಕೆ ಡಾಂಗಲ್ ಬೇಕು, ಸೇವ್ ಮಾಡೋಕೆ ಬೇಡವಂತೆ. ಯಾವ ಪುಣ್ಯಾತ್ಮ ಬರೆದನೋ ಆ ಸಾಫ್ಟ್‌ವೇರನ್ನು. ಹೊಸ ಡಿಸೈನ್ ತೆರೆಯದೇ ಹೋದರೂ ನನ್ನ ಶಿಷ್ಯ ನಿಲ್ಲಲಿಲ್ಲ. ಸ್ಕ್ರೀನಿನಲ್ಲಿ ಉಳಿದಿದ್ದ ಯಾರದೋ ಮದುವೆ ಬ್ಲೌಸಿನ ನವಿಲನ್ನೇ ಹುಲಿಯ ಹೆಸರಿನಲ್ಲೂ, ಮುಂದಿನ ಎಲ್ಲರ ಹೆಸರಿನಲ್ಲೂ ಸುತ್ತು ಹೊಡೆಸಿ ಹೊಡೆಸಿ ಸೇವ್ ಮಾಡಿದ್ದಾನೆ. ಹೊಲಿಗೆ ಯಂತ್ರ ಆ ಹೆಸರನ್ನೇ ನಂಬಿ ಹೊಲಿದುಬಿಟ್ಟಿದೆ.

ಹುಡುಗಿಯ ತಂದೆ ತಮ್ಮ ಉಪ್ಪಿಟ್ಟಿನ ತಟ್ಟೆ ನೋಡುತ್ತಾ, “ಅಲ್ಲಿ ನಡೀತಿದೆ ಅಂದ್ರಲ್ಲ” ಅಂದರು. ಹುಡುಗಿ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು.

ಉರಿದುಕೊಂಡೇ ಲಗ್ಗೆರೆಗೆ ಬಂದು ಆಂಟಿಯ ಮೇಲೆ ಕೂಗಾಡಿದೆ. ಡಾಂಗಲ್, ಕಂಪನಿ, ತಾಳಿ, ಯಾವುದನ್ನೂ ಬಿಡಲಿಲ್ಲ. ಅವರು ಒಂದು ಜೆರ್ಸಿಯ ನವಿಲನ್ನು ಬಿಚ್ಚುತ್ತಾ ಕೂತಿದ್ದರು.

“ಕಿತ್ತಿದ್ದು ನನ್ನ ತಪ್ಪೇ. ಆದ್ರೆ ಅದೇನೋ ಬಿಟ್ಟು ಹೋದ್ಯಲ್ಲ, ಎದುರಿಗೆ ಏನಿದೆ ಅಂತ ನೋಡಲ್ಲ, ಕೇಳಲ್ಲ, ಒಬ್ರು ಮಾಡಿದ್ದನ್ನೇ ಮಾಡ್ತಾ ಕೂತಿರುತ್ತೆ. ನಿನ್ನ ತಮ್ಮನೇನೋ?”

ಕೆಂಗೇರಿಯಿಂದ ಇನ್ನೂ ಏನೂ ಹೇಳಿ ಕಳಿಸಿಲ್ಲ. ಗೆಳೆಯರು ಈ ಕಥೆ ಕೇಳಿ ಬಿದ್ದು ಬಿದ್ದು ನಗುತ್ತಾರೆ. ಕಂಪನಿಯವನ ಜೇನು, ಹುಡುಗಿಯ ತಂದೆಯ ಉಪ್ಪಿಟ್ಟು, ಆಂಟಿಯ ಗಂಟಲು, ಎಲ್ಲ ತದ್ರೂಪವಾಗಿ ಬರುತ್ತದೆ. ಆಂಟಿಯ ಆ ಕೊನೆಯ ಮಾತೊಂದು ಮಾತ್ರ, ಎಷ್ಟು ಸಲ ಹೇಳಿದರೂ, ನನ್ನ ದನಿಯಲ್ಲೇ ಬರುತ್ತದೆ.