ಬಿಯರ್ ಪಾತ್ರೆಗೊಂದು ಸೋರದ ನಲ್ಲಿ

ಮನೆಯಲ್ಲಿ ಬಿಯರ್ ಮಾಡಲು ಹೊರಟವನಿಗೆ ಬಿಯರ್ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಆಗುತ್ತದೆ. ಫ್ರಿಸ್ಕೋದ ನಮ್ಮ ಗ್ಯಾರೇಜಿಗೆ ದೊಡ್ಡ ಸ್ಟೀಲ್ ಪಾತ್ರೆ ತಂದೆ. ಕುದಿಸಿದ್ದನ್ನು ಇಳಿಸಲು ಅದರ ಬುಡದಲ್ಲೊಂದು ನಲ್ಲಿ ಬೇಕು. ವೆಲ್ಡಿಂಗ್ ನನಗೆ ಬರಲ್ಲ. ತೂತು ಕೊರೆದು, ರಬ್ಬರ್ ರಿಂಗ್ ಇಟ್ಟು, ನಟ್ಟು ಬಿಗಿಯುವಂಥ ಫಿಟಿಂಗ್ ಸಿಗುತ್ತವೆ. ನನ್ನ ಹಳೆಯ ಹುಚ್ಚುಗಳಾದ ಟೆಲಿಸ್ಕೋಪು, ಟ್ರೆಡ್‌ಮಿಲ್ಲು ಆಗಲೇ ಕಾರಿನ ಜಾಗ ನುಂಗಿದ್ದವು. ಧಾರವಾಡದ ನನ್ನ ಹೆಂಡತಿ ಮೊದಲೇ ಹೇಳಿಬಿಟ್ಟಳು: "ನೋಡ್ರಿ, ಇದು ಸೋರಿದ್ರ ಪಾತ್ರಿ ಮಾರಿಬಿಡ್ತೀನಿ."

ತಜ್ಞರ ಸಲಹೆ

ಯಾವ ಫಿಟಿಂಗ್ ಒಳ್ಳೆಯದು ಅಂತ ಹ್ಯೂಸ್ಟನ್ನಿನ ಗೆಳೆಯನಿಗೆ ಫೋನ್ ಮಾಡಿದೆ. ಅಲ್ಲಿನ ಎಣ್ಣೆ ಕಂಪನಿಗಳ ಬಡಾವಣೆ ಎನರ್ಜಿ ಕಾರಿಡಾರ್‌ನಲ್ಲಿ ಪೈಪುಗಳ ಎಂಜಿನಿಯರ್ ಅವನು.

"ಪ್ರೆಶರ್ ಎಷ್ಟು?"

"ಪಾತ್ರೆ ಕಣೋ, ಮುಚ್ಚಳವೂ ಇಲ್ಲ."

"ಲೀಕ್ ಆದ್ರೆ ಹತ್ತಿರದಲ್ಲಿ ಯಾರಿರ್ತಾರೆ?"

"ಹೆಂಡತಿ."

"ಹಾಗಾದ್ರೆ ಇರೋದ್ರಲ್ಲೇ ಗಟ್ಟಿದು ತಗೋ," ಅಂದ.

ಫ್ರೀಜರ್ ಚಿಕಿತ್ಸೆ

ಗಟ್ಟಿಯದನ್ನೇ ತಂದು ಬಿಗಿದೆ. ತೊಟ್ಟಿಕ್ಕಿತು. ಕುಕ್ಕರ್ ವಿಷಲ್ ಹಾಕದಿದ್ದರೆ ಗ್ಯಾಸ್ಕೆಟ್ಟನ್ನು ಫ್ರೀಜರಿನಲ್ಲಿಡೋದು ನಮ್ಮಲ್ಲಿ ವಾಡಿಕೆ ತಾನೇ. ಈ ರಿಂಗನ್ನೂ ಇಟ್ಟೆ. ತೆಗೆದು ಬಿಗಿದರೆ ತೊಟ್ಟಿಕ್ಕುತ್ತಿದ್ದದ್ದು ಧಾರೆಯಾಯಿತು. ಅದನ್ನು ಮಾರಿದ ಆಸ್ಟಿನ್ ಅಂಗಡಿಗೆ ಫೋನ್ ಮಾಡಿದೆ.

"ಫ್ರೀಜರಿನಲ್ಲಿ ಯಾಕಿಟ್ರಿ?" ಅಂತ ಕೇಳಿದ ಅಂಗಡಿಯವನು.

"ನಮ್ಮಮ್ಮ ಇಡ್ತಿದ್ರು."

"ಓಹ್, ನಿಮ್ಮಮ್ಮನೂ ಬಿಯರ್ ಮಾಡ್ತಿದ್ರಾ?"

ಕೊನೆಯ ಪರೀಕ್ಷೆ

ಆ ಅಂಗಡಿಯ ಪುಣ್ಯಾತ್ಮ ದಾರಿಯನ್ನೂ ಹೇಳಿಕೊಟ್ಟ: ಸಿಲಿಕೋನ್ ರಿಂಗ್ ಹಾಕಿ, ಹೊಸಕಿಹೋಗುವಷ್ಟು ಬಿಗಿಯಬೇಡಿ. ಹಾಗೇ ಮಾಡಿ, ನೀರು ತುಂಬಿ ಕುದಿಸಿದೆ. ಹೆಂಡತಿ, ಧಾರವಾಡದಿಂದ ಬಂದಿದ್ದ ಅತ್ತೆ, ಇಬ್ಬರೂ ಕುರ್ಚಿ ಹಾಕಿಕೊಂಡು ಕೂತರು. ಕೆಳಗೆ ಹಾಸಿದ್ದ ಕಾಗದ ಒಂಚೂರೂ ಒದ್ದೆಯಾಗಲಿಲ್ಲ. ನಿಜ ಹೇಳ್ತೀನಿ, ಖುಷಿಗೆ ನನ್ನ ಕಣ್ಣು ಸೋರಿತು, ಪಾತ್ರೆ ಸೋರಲಿಲ್ಲ.

ಅತ್ತೆ ನಲ್ಲಿ ತಿರುಗಿಸಿದರು, ನಿಲ್ಲಿಸಿದರು, ಮತ್ತೆ ತಿರುಗಿಸಿದರು. "ಅಳಿಯಂದ್ರ, ಭಾಳ ಛಲೋ ಮಾಡೀರಿ. ರವಿವಾರ ಕನ್ನಡ ಸಂಘದ ಊಟಕ್ಕ ಸಾರು ಇದರಾಗs ಮಾಡ್ತೀನಿ."

ಪಾತ್ರೆಯನ್ನು ನಾನೇ ಕಾರಿಗೇರಿಸಿದೆ. ಭಾನುವಾರ ಜನ ಲೋಟ ಹಿಡಿದು ನಲ್ಲಿಯ ಮುಂದೆ ಸಾಲು ನಿಂತರು. ಸೌಟು ಬೇಕಾಗಲಿಲ್ಲ, ಯಾರ ಮೈಮೇಲೂ ಚೆಲ್ಲಲಿಲ್ಲ. ಹೆಂಡತಿ ಎಲ್ಲರಿಗೂ "ಈ ನಳ ನಮ್ಮ ಮನಿಯವರs ಕೂಡಿಸ್ಯಾರ" ಅಂತ ಹೇಳಿಕೊಂಡು ಓಡಾಡಿದಳು. ಟೆಲಿಸ್ಕೋಪಿಗೆ ಸಿಗದ ಮರ್ಯಾದೆ ಅದು.

ಮನೆಗೆ ಬರುವಾಗ ಕಾರಿನಲ್ಲಿ ಮೆಲ್ಲಗೆ ಕೇಳಿದೆ, "ಹಾಗಾದ್ರೆ ಪಾತ್ರೆ ಮಾರಲ್ಲ ತಾನೇ?"

"ಮಾರೂದಿಲ್ರಿ," ಅಂದಳು. "ಆದ್ರ ಬಿಯರ್‌ಗೆ ನೀವು ಇನ್ನೊಂದು ತೊಗೋರಿ. ಇದು ಅವ್ವನ ಸಾರಿಂದು."