ಇರುವೆಗಳು ಗೆದ್ದವು, ನಾನು ಕೆಟ್ಟೆ

ಸೋಲುವವರಿಗೂ ಮರ್ಯಾದೆ ಕೊಡುವ ಒಂದು ಸಂಸ್ಥೆ ಈ ಭೂಮಿಯ ಮೇಲಿದೆ ಎಂದು ತಿಳಿದ ದಿನ ಖುಷಿಗೆ ನನಗೆ ಊಟವೇ ಸೇರಲಿಲ್ಲ. ಅದೊಂದು ಖಾಸಗಿ ಪ್ರತಿಷ್ಠಾನ. ಬೇರೆ ಯಾರೂ ದುಡ್ಡು ಹಾಕಲು ಹೆದರುವಂಥ ವಿಶ್ವವಿದ್ಯಾಲಯದ ಸಂಶೋಧನೆಗಳಿಗೆ ಮಾತ್ರ ಅವರು ಧನಸಹಾಯ ಮಾಡುತ್ತಾರಂತೆ. 'ಗೆದ್ದೇ ಗೆಲ್ಲುತ್ತೇವೆ ಎನ್ನುವವರು ದಯವಿಟ್ಟು ಅರ್ಜಿ ಹಾಕಬೇಡಿ' ಎಂದು ಪ್ರಕಟಣೆಯಲ್ಲೇ ಇತ್ತು. ಇಷ್ಟು ವರ್ಷ ನಾನು ಮುಗ್ಗರಿಸಿದ್ದನ್ನೆಲ್ಲ ಅರ್ಹತೆ ಎಂದು ಗುರುತಿಸಿದ ಮೊದಲ ಮಹನೀಯರು ಇವರೇ.

ನನ್ನ ಸಂಶೋಧನೆ ಇರುವೆಗಳದ್ದು. ಗೋಡೆಯೊಳಗೆ ಪೈಪು ತುಕ್ಕು ಹಿಡಿದು ಸೋರುತ್ತಿದ್ದರೆ ಅದನ್ನು ಹುಡುಕಲು ಗೋಡೆಯನ್ನೆಲ್ಲ ಅಗೆಯಬೇಕು. ಅದರ ಬದಲು, ಆ ತುಕ್ಕುನೀರಿನ ವಾಸನೆ ಬಂದಲ್ಲಿ ಸಕ್ಕರೆ ಸಿಗುತ್ತದೆ ಎಂದು ಇರುವೆಗಳಿಗೆ ಕಲಿಸಿಬಿಟ್ಟರೆ? ಅವೇ ಸಾಲುಗಟ್ಟಿ ಹೋಗಿ ಸೋರುವ ಜಾಗ ತೋರಿಸುವುದಿಲ್ಲವೇ? (ನಗಬೇಡಿ. ನಮ್ಮ ವಿಭಾಗದವರೆಲ್ಲ ಆಗಲೇ ನಕ್ಕಾಗಿದೆ.) ನಮ್ಮ ಮುಖ್ಯಸ್ಥರಂತೂ ಆಗಾಗ ಅಳತೆ ಟೇಪು ಹಿಡಿದು ನನ್ನ ಪ್ರಯೋಗಾಲಯಕ್ಕೆ ಬಂದು, "ನೀವು ಕೂತ್ಕೊಳ್ಳಿ, ನೀವು ಕೂತ್ಕೊಳ್ಳಿ" ಎನ್ನುತ್ತಲೇ ನನ್ನ ಬೆನ್ನ ಹಿಂದಿನ ಗೋಡೆ ಅಳೆಯುತ್ತಿದ್ದರು. ಹಳೆಯ ಉತ್ತರಪತ್ರಿಕೆಗಳ ಬೀರುಗಳಿಗೆ ಅವರಿಗೆ ಜಾಗ ಬೇಕಿತ್ತು. ವರ್ಷ ಮುಗಿಯುವುದರೊಳಗೆ ಹೊರಗಿನಿಂದ ಹಣ ಬರದಿದ್ದರೆ ಆ ಕೋಣೆ ಬೀರುಗಳ ಪಾಲು, ನಾನು ಬೀದಿ ಪಾಲು.

ನನ್ನ ಹೆಂಡತಿ ಕಾರು ಕಲಿಸುವ ಶಾಲೆಯಲ್ಲಿ ಶಿಕ್ಷಕಿ. ಅವಳ ಕಾರಿನಲ್ಲಿ ಕಲಿಯುವವರಿಗೊಂದು ಬ್ರೇಕು, ಅವಳಿಗೊಂದು ಬ್ರೇಕು. ಮನೆಯಲ್ಲಿ ಇರುವುದು ಒಂದೇ, ಅದು ಅವಳ ಕಾಲಡಿಯಲ್ಲಿದೆ. ಇರುವೆ ಎಂದರೆ ಅವಳಿಗೆ ಮೈಯೆಲ್ಲ ಉರಿ. ಅದಕ್ಕೆ ಕಾರಣವೂ ಇದೆ. ರಜೆಯಲ್ಲಿ ತರಬೇತಿ ಪಡೆದ ಇರುವೆಗಳ ಒಂದು ಡಬ್ಬವನ್ನು ಮನೆಗೆ ತಂದಿಟ್ಟು, ಮುಚ್ಚಳ ಸರಿಯಾಗಿ ಹಾಕದೆ ನಾನು ವಿಚಾರಸಂಕಿರಣಕ್ಕೆ ಹೋಗಿಬಿಟ್ಟಿದ್ದೆ. ವಾಪಸು ಬಂದಾಗ ಡಬ್ಬ ಖಾಲಿ, ಅವಳ ಮುಖ ಕೆಂಪು.

"ಎಲ್ಲಿ ಹೋದವೇ?"

"ಹೋಗೋ ಕಡೆ ಹೋದ್ವು. ಇನ್ನೊಂದು ಸಲ ತಂದ್ರೆ ಅವುಗಳ ಹಿಂದೆ ನೀವೂ ಹೋಗ್ತೀರಿ."

ಹೆಚ್ಚು ಕೇಳುವ ಧೈರ್ಯ ನನಗಾಗಲಿಲ್ಲ. ಕಲಿತದ್ದನ್ನೆಲ್ಲ ಮರೆತು ಸಕ್ಕರೆ ಡಬ್ಬಕ್ಕೆ ನುಗ್ಗಿರಬೇಕು ಎಂದುಕೊಂಡು ಸುಮ್ಮನಾದೆ.

ಅರ್ಜಿ ಬರೆಯಲು ಕೂತಾಗ ಕಷ್ಟ ಶುರುವಾಯಿತು. ಅಭ್ಯಾಸಬಲದಿಂದ 'ಖಂಡಿತ ಯಶಸ್ವಿಯಾಗುವುದು' ಎಂದು ಬರೆಯುವುದು, ನಾಲಿಗೆ ಕಚ್ಚಿಕೊಂಡು ಅಳಿಸುವುದು. ಕೊನೆಗೆ, ಈ ಪ್ರಯೋಗವನ್ನು ಇದುವರೆಗೆ ಯಾರೂ ಮಾಡಿ ಗೆದ್ದಿಲ್ಲ, ನಾನೂ ಗೆಲ್ಲುವುದು ಅನುಮಾನ, ಇರುವೆಗಳ ಮೇಲೂ ನನ್ನ ಮೇಲೂ ಅತಿಯಾದ ಭರವಸೆ ಬೇಡ ಎಂದು ಹೃದಯ ತುಂಬಿ ಬರೆದೆ. ಅಷ್ಟು ಸತ್ಯವಾದ ಅರ್ಜಿಯನ್ನು ನಾನು ಜನ್ಮದಲ್ಲಿ ಬರೆದಿರಲಿಲ್ಲ.

ಅದು ಅವರಿಗೆ ಹಿಡಿಸಿಬಿಟ್ಟಿತು! ಸಂದರ್ಶನಕ್ಕೆ ಕರೆ ಬಂತು, ಮನೆಯಿಂದಲೇ ವಿಡಿಯೋದಲ್ಲಿ. ಆದರೆ ಒಂದು ಷರತ್ತು. ಸೋಲಿನ ಭಾರ ಬೀಳುವುದು ಮನೆಯವರ ಮೇಲೂ ಆದ್ದರಿಂದ ಮನೆಯವರೊಬ್ಬರು ಪಕ್ಕದಲ್ಲಿ ಕೂತು ಮಾತಾಡಬೇಕಂತೆ.

ಹೆಂಡತಿಯ ಮುಂದೆ ಕೈಮುಗಿದು ನಿಂತೆ. "ನೋಡೇ, ನನ್ನ ಬಗ್ಗೆ ಏನಾದ್ರೂ ಹೇಳ್ಕೋ. ಇರುವೆಗಳ ಬಗ್ಗೆ ಮಾತ್ರ ಒಂದೇ ಒಂದು ಕೆಟ್ಟ ಮಾತು ಬೇಡ. ಆ ಕೋಣೆ ಹೋದ್ರೆ ನಾನು ಉಳಿಯಲ್ಲ ಕಣೇ."

ಅವಳು ನನ್ನ ಮುಖವನ್ನೇ ನೋಡಿದಳು. "ಅಷ್ಟೊಂದು ಹಚ್ಕೊಂಡಿದ್ದೀರಾ? ಆಯ್ತು ಬಿಡಿ. ನನ್ನ ಮೇಲೆ ಬಿಡಿ," ಎಂದಳು, ಎಂದೂ ಇಲ್ಲದಷ್ಟು ಮೆತ್ತಗೆ. ಆಗಲೇ ನಾನು ಹೆದರಬೇಕಿತ್ತು.

ಸಂದರ್ಶನ ಅಮೋಘವಾಗಿ ಶುರುವಾಯಿತು. ತೆರೆಯ ಮೇಲೆ ಕನ್ನಡಕವನ್ನು ಹಣೆಗೇರಿಸಿಕೊಂಡ ಹಿರಿಯ ಮೇಡಂ, ಅವರ ಅಕ್ಕಪಕ್ಕ ಇಬ್ಬರು.

"ಇದು ಆಗತ್ತೆ ಅನ್ಸುತ್ತಾ ನಿಮಗೆ?" ಎಂದರು ಮೇಡಂ.

"ಆಗದೇ ಇರೋದಕ್ಕೇ ಕಾರಣಗಳು ಜಾಸ್ತಿ ಇವೆ ಮೇಡಂ," ಎಂದೆ ವಿನಯದಿಂದ.

"ಬಹಳ ಸಂತೋಷ," ಎಂದು ಅವರು ಪಕ್ಕದವರ ಕಡೆ ನೋಡಿ ತಲೆದೂಗಿದರು. ಹಣ ಬಂದೇಬಿಟ್ಟಿತು ಎನಿಸಿತು. ಮುಖ್ಯಸ್ಥರು ಟೇಪು ಸುತ್ತಿಕೊಂಡು ಹಿಂತಿರುಗುವ ದೃಶ್ಯ ಕಣ್ಣ ಮುಂದೆ ಬಂತು.

ಆಮೇಲೆ ಮೇಡಂ ನನ್ನ ಹೆಂಡತಿಯನ್ನು ಕೇಳಿದರು. "ಇವರು ಸೋತ್ರೆ ನೀವು ತಡ್ಕೋತೀರಾ ಅಮ್ಮ?"

"ಸೋಲೋದಾ?" ಹೆಂಡತಿ ಸೆರಗು ಸರಿಮಾಡಿಕೊಂಡು ಮುಂದಕ್ಕೆ ಬಾಗಿದಳು. "ಯಾಕೆ ಸೋಲ್ತಾರೆ? ಆಗ್ಲೇ ಗೆದ್ದಾಗಿದೆಯಲ್ಲ!"

ನಾನು ಮೇಜಿನ ಕೆಳಗೆ ಅವಳ ಕಾಲು ತುಳಿದೆ. ಅವಳು ನಿಲ್ಲಲಿಲ್ಲ.

"ಇವ್ರು ಊರಲ್ಲಿರಲಿಲ್ಲ ಮೇಡಂ. ಡಬ್ಬದಿಂದ ಎದ್ದ ಇರುವೆಗಳೆಲ್ಲ ಸೀದಾ ಬಚ್ಚಲುಮನೆಗೆ ಹೋಗಿ ಒಂದು ಟೈಲ್ಸಿನ ಸುತ್ತ ಕೂತುಬಿಟ್ವು. ಓಡಿಸಿದ್ರೆ ಮತ್ತೆ ಅಲ್ಲಿಗೇ. ಏನೋ ಇದೆ ಅಂತ ಪ್ಲಂಬರ್‌ನ ಕರೆಸಿ ಒಡೆಸಿದೆ. ಒಳಗೆ ಪೈಪು ಸೋರ್ತಾ ಇತ್ತು! ಮುಂದಿನ ಬೀದಿಲಿ ನಮ್ಮ ಅಕ್ಕನ ಮನೆ. ಅವನ್ನೇ ಒಟ್ಟುಮಾಡಿ ತಗೊಂಡ್ಹೋಗಿ ಅಲ್ಲೂ ಬಿಟ್ಟು ನೋಡಿದೆ. ಅಲ್ಲೂ ಸಿಕ್ತು!"

"ಇದನ್ನ ನನಗೆ ಯಾಕೆ ಹೇಳ್ಲಿಲ್ಲ?" ನಾನು ಸಂದರ್ಶನವನ್ನೇ ಮರೆತು ಕೂಗಿದೆ.

"ಹೇಳಿದ್ರೆ ಮನೆ ತುಂಬ ಇರುವೆ ಸಾಕ್ತಿದ್ರಿ. ಅಲ್ಲಾ, ಹೊಸ ಟೈಲ್ಸು ಹಳದಿ, ಉಳಿದದ್ದೆಲ್ಲ ಬಿಳಿ. ದಿನಾ ಅದರ ಮುಂದೇನೇ ಹಲ್ಲುಜ್ತೀರಿ. ಕಾಣ್ಲಿಲ್ವಾ?"

ನಿಜ ಹೇಳುತ್ತೇನೆ, ನನಗೆ ಅಳು ಬಂತು. ಜೀವಮಾನವೆಲ್ಲ ಕಾದ ಗೆಲುವು ನನ್ನದಾಗಿತ್ತು. ಅದನ್ನು ಹೇಳುತ್ತಿರುವವಳು ಹೆಂಡತಿ, ಅದೂ ಹೆಮ್ಮೆಯಿಂದ, ಅದೂ ಹೇಳಬಾರದವರ ಮುಂದೆ.

ಮೇಡಂ ಕನ್ನಡಕ ಕೆಳಗಿಳಿಸಿದರು. "ಹೃತ್ಪೂರ್ವಕ ಅಭಿನಂದನೆಗಳು," ಎಂದರು. "ಇದರಲ್ಲಿ ಅಪಾಯ ಏನೂ ಉಳಿದಿಲ್ವಲ್ಲ. ನಮ್ಮ ಹಣ ನಿಮಗೆ ಬೇಡ."

ತೆರೆ ಕಪ್ಪಾಯಿತು. ಹೆಂಡತಿ ನನ್ನ ಕಡೆ ತಿರುಗಿ, "ಹೇಗೆ? ಒಂದಾದ್ರೂ ಕೆಟ್ಟ ಮಾತು ಆಡಿದ್ನಾ?" ಎಂದಳು. ಅವಳ ಕಣ್ಣಲ್ಲಿದ್ದ ಹೊಳಪು ನೋಡಿ, ಇಲ್ಲ ಎಂದು ತಲೆಯಾಡಿಸಿದೆ.

ಗೆಲ್ಲುವವರಿಗೆ ಹಣ ಕೊಡುವ ಬೇರೆ ಪ್ರತಿಷ್ಠಾನಗಳಿಗೂ ಬರೆದೆ. ಹಳದಿ ಟೈಲ್ಸು ಪುರಾವೆಯಲ್ಲ ಎಂದು ಅವರು ಉತ್ತರ ಬರೆದರು. ಕೋಣೆಗೆ ಬೀರುಗಳು ಬಂದವು, ಇರುವೆಗಳು ನಮ್ಮ ಮನೆಗೆ ಬಂದವು. ಅವಳ ಅಕ್ಕನ ಮನೆಯಿಂದ ಸುದ್ದಿ ಹಬ್ಬಿ, ಗೋಡೆ ಒದ್ದೆಯಾದವರೆಲ್ಲ ಈಗ ಕರೆಯುವುದು ನನ್ನ ಹೆಂಡತಿಯನ್ನು. ಅವಳು ಗೋಡೆಗೆ ಕಿವಿ ಕೊಟ್ಟು, ಇರುವೆಗಳನ್ನು ಎಲ್ಲಿ ಬಿಡಬೇಕೆಂದು ಬೆರಳು ತೋರಿಸುತ್ತಾಳೆ. ಡಬ್ಬ ಹೊರುವುದು ನಾನು.

ಮೊನ್ನೆ ಒಂದು ಮನೆಯಲ್ಲಿ, ತಪ್ಪಿಸಿಕೊಂಡ ಇರುವೆಗಳನ್ನು ನೆಲದ ಮೇಲೆ ಬಗ್ಗಿ ಒಟ್ಟುಮಾಡುತ್ತಿದ್ದೆ. ಆ ಮನೆಯಾಕೆಗೆ ಕನಿಕರ ಬಂದಿರಬೇಕು. "ಇವರಿಗೂ ಇರುವೆ ವಿಷಯ ಗೊತ್ತಾ?" ಎಂದು ಕೇಳಿದರು.

"ಅಯ್ಯೋ, ಇವರಿಗೆ ಅದೆಲ್ಲ ಎಲ್ಲಿ ಗೊತ್ತಾಗ್ಬೇಕು," ಎಂದಳು ನನ್ನ ಹೆಂಡತಿ, ನನ್ನ ಭುಜದ ಮೇಲೆ ಪ್ರೀತಿಯಿಂದ ಕೈಯಿಟ್ಟು. "ಇವರು ಪ್ರೊಫೆಸರ್ರು."